ಕಾಲಾಳು ಆಟದಲ್ಲಿ ಸೋತವರ ಕಲಂ ಭರ್ತಿ ಮಾಡುವ ಕುರಿತು

ಕಾಯುವ ಕೊಠಡಿಗಳ ನಿರ್ವಹಣಾ ವಿಭಾಗ
(ಕುರ್ಚಿ, ಬೆಂಚು, ಫ್ಯಾನು ಮತ್ತು ಆಟಸಾಮಾನು ಶಾಖೆ)

ಸಂಖ್ಯೆ: ಕಾಕೊನಿ/ಆಟ/ಕಾಲಾಳು/61
ದಿನಾಂಕ: 24, ಶುಕ್ರವಾರ

ಸುತ್ತೋಲೆ

ವಿಷಯ: ಹಲ್ಲಿನ ಚಿಕಿತ್ಸಾಲಯದ ಕಾಯುವ ಕೊಠಡಿಯಲ್ಲಿ ಮಕ್ಕಳಿಗೂ ಹೊಸಬರಿಗೂ ಚದುರಂಗ ಕಲಿಸಲು ಆಡಿಸಲಾಗುತ್ತಿರುವ, ಕಾಲಾಳುಗಳು ಮಾತ್ರ ಇರುವ ಸರಳ ಆಟವನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
1. ಕೇಂದ್ರ ಕಚೇರಿಯ ಜ್ಞಾಪನ: ಸೋಲು ಗೆಲುವಿನ ದಾಖಲೆ ಪೂರ್ಣವಾಗಿಲ್ಲದ ಎಲ್ಲ ಆಟಸಾಮಾನುಗಳನ್ನು ಇದೇ 30ರಂದು ಕೈಗಾಡಿಯಲ್ಲಿ ಉಗ್ರಾಣಕ್ಕೆ ಸಾಗಿಸತಕ್ಕದ್ದು ಎಂಬುದು.
2. ಅದೇ ಕಚೇರಿಯ ಎರಡನೇ ಜ್ಞಾಪನ: ಮೊದಲನೆಯದು ತಲುಪಿತೇ ಎಂಬುದು.
3. ಕೆಳಸಹಿದಾರರು 14ರ ಮಂಗಳವಾರ ನಡೆಸಿದ ಸ್ಥಳ ತಪಾಸಣೆ.
4. ಸದರಿ ತಪಾಸಣೆಯಲ್ಲಿ ಕೆಳಸಹಿದಾರರಿಗೆ ಆದದ್ದು.

ಪ್ರಸ್ತಾವನೆ:

ಸದರಿ ಕೊಠಡಿಯಲ್ಲಿ ಹದಿನಾಲ್ಕು ಕುರ್ಚಿ, ಒಂದು ಉದ್ದ ಬೆಂಚು, ಗೋಡೆಯ ಮೇಲೆ ಬಾಯಿ ತೆರೆದ ದವಡೆಯ ಒಂದು ಬಣ್ಣದ ಚಿತ್ರ ಮತ್ತು ಕಿಟಕಿಯ ಪಕ್ಕದಲ್ಲಿ ಚದುರಂಗದ ಹಲಗೆ ಇಟ್ಟ ಒಂದು ಮೇಜು ಇರುತ್ತವೆ. ಚಿತ್ರವನ್ನು ಮೊದಲು ನೋಡಿದ ಮಕ್ಕಳು ಬಾಗಿಲ ಕಡೆಗೂ, ಮೇಜನ್ನು ಮೊದಲು ನೋಡಿದ ಮಕ್ಕಳು ಕಿಟಕಿಯ ಕಡೆಗೂ ಚಲಿಸುವುದು ಗಮನಕ್ಕೆ ಬಂದಿದೆ.

ಅಲ್ಲಿ ಸರದಿ ಚೀಟಿ ಕೊಡುವ ಮಹಿಳಾ ಸಿಬ್ಬಂದಿಯನ್ನು ಎಲ್ಲರೂ ಟೋಕನ್ ಅಕ್ಕ ಎಂದು ಕರೆಯುವುದರಿಂದಲೂ, ಹಾಜರಿ ಪುಸ್ತಕದಲ್ಲಿರುವ ಹೆಸರಿಗೆ ಅವರೇ ತಿರುಗಿ ನೋಡದಿರುವುದರಿಂದಲೂ, ಈ ಸುತ್ತೋಲೆಯಲ್ಲಿಯೂ ಹಾಗೆಯೇ ನಮೂದಿಸಲಾಗಿದೆ. ಹಲ್ಲು ಕೀಳಿಸಿಕೊಳ್ಳಲು ಬಂದ ಮಗುವಿನ ಕೈ ಖಾಲಿ ಇದ್ದರೆ ಅದು ಕೆನ್ನೆಗೆ ಹೋಗುತ್ತದೆ, ಕೆನ್ನೆಗೆ ಹೋದರೆ ಅಳು ಬರುತ್ತದೆ ಎಂಬ ಕಾರಣದಿಂದ ಇವರು ಚದುರಂಗ ಕಲಿಸತೊಡಗಿರುತ್ತಾರೆ. ಆರು ಬಗೆಯ ಕಾಯಿಗಳನ್ನು ಒಂದೇ ಸಲ ಹೇಳಿಕೊಟ್ಟರೆ ಹಲ್ಲುನೋವಿನ ಜೊತೆಗೆ ತಲೆನೋವೂ ಸೇರುವುದೆಂದು ರಾಜ, ಮಂತ್ರಿ, ಆನೆ, ಕುದುರೆ, ಒಂಟೆಗಳನ್ನು ಡಬ್ಬಿಯಲ್ಲಿಯೇ ಬಿಟ್ಟಿರುತ್ತಾರೆ. ಕಾರಣ ಕೇಳಲಾಗಿ, "ದೊಡ್ಡವರು ಮಲಗಿರ್ಲಿ ಸಾರ್. ಎದ್ರೆ ಬರೀ ಗಲಾಟೆ" ಎಂದು ಮೌಖಿಕ ಉತ್ತರ ನೀಡಿರುತ್ತಾರೆ.

ಉಳಿದಂತೆ ಎರಡು ಬದಿಗೂ ಎಂಟೆಂಟು ಕಾಲಾಳುಗಳು. ಯಾರ ಕಾಲಾಳು ಮೊದಲು ಆಚೆ ತುದಿಯ ಸಾಲನ್ನು ಮುಟ್ಟುವುದೋ ಅವರು ಗೆದ್ದಂತೆ. ಇಲ್ಲಿಯವರೆಗೆ ಇಲಾಖೆಗೆ ಯಾವ ತಕರಾರೂ ಇರುವುದಿಲ್ಲ.

ತಕರಾರು ಇರುವುದು ಮುಂದಿನದಕ್ಕೆ. ಸೋಲುತ್ತಿರುವ ಮಗುವಿನ ತುಟಿ ನಡುಗಿದ ಕೂಡಲೇ ಟೋಕನ್ ಅಕ್ಕ ಹಲಗೆಯನ್ನೇ ಅರ್ಧ ಸುತ್ತು ತಿರುಗಿಸಿಬಿಡುತ್ತಾರೆ. ಸೋಲುವ ಪಡೆ ಅವರ ಪಾಲಿಗೆ, ಗೆಲ್ಲುವ ಪಡೆ ಮಗುವಿನ ಪಾಲಿಗೆ. ಹಾಳುಬಿದ್ದ ಪಡೆಯಿಂದಲೇ ಅವರು ಒಂದೊಂದಾಗಿ ದಾರಿ ಬಿಡಿಸಿಕೊಳ್ಳುವುದನ್ನು ಮಗು ಎದುರಿನಿಂದ ಬಾಯಿ ಬಿಟ್ಟುಕೊಂಡು ನೋಡುತ್ತದೆ. ಆ ಬಾಯಿ ವೈದ್ಯರಿಗೂ ಅನುಕೂಲ. ಅಷ್ಟರಲ್ಲಿ ಸರದಿಯ ಗಂಟೆ ಬಾರಿಸಿ ಮಗು ಒಳಗೆ ಹೋಗುತ್ತದೆ, ಅದರ ಜಾಗಕ್ಕೆ ಪಕ್ಕದ ಕುರ್ಚಿಯ ಊದಿದ ಕೆನ್ನೆಯವರು ಜರುಗುತ್ತಾರೆ. ಹೀಗಾಗಿ ಸೋತವರು ಯಾರೆಂದು ಯಾವ ಆಟದಲ್ಲಿಯೂ ನಿರ್ಧಾರವಾಗಿರುವುದಿಲ್ಲ.

ದಾಖಲೆಯ ನಮೂನೆ 7 ಮೂಲತಃ ಸಿಬ್ಬಂದಿಯ ಹಗ್ಗಜಗ್ಗಾಟಕ್ಕೆಂದು ಅಚ್ಚಾದದ್ದು. ಇದರಲ್ಲಿ "ಸೋತವರು", "ಸೋತವರ ಸಹಿ" ಮತ್ತು "ಸೋತ ತಂಡದ ಒಟ್ಟು ತೂಕ" ಎಂಬ ಮೂರು ಕಲಂಗಳು ಕಡ್ಡಾಯ. ಈ ಅವಧಿಯ ಅರವತ್ತೊಂದು ಆಟಗಳಿಗೆ ಟೋಕನ್ ಅಕ್ಕ ಗೆದ್ದವರ ಕಲಂನಲ್ಲಿ ಅರವತ್ತೊಂದು ಸಲ "ಇಬ್ಬರೂ" ಎಂದು ದುಂಡಗೆ ಬರೆದಿದ್ದಾರೆ. ಸೋತವರ ಕಲಂ ಖಾಲಿ ಇದೆ. ಹತ್ತೊಂಬತ್ತನೇ ಸಾಲಿನಲ್ಲಿ ಮಾತ್ರ "ಹಲ್ಲು" ಎಂದು ಇದೆ.

ಈ ಕಲಂ 30ರೊಳಗೆ ತುಂಬದಿದ್ದಲ್ಲಿ ಮೇಜು ಉಗ್ರಾಣಕ್ಕೆ ಹೋಗುವುದು ಖಚಿತ. ಆ ಬಳಿಕ ಕೊಠಡಿಯಲ್ಲಿ ಮಕ್ಕಳಿಗೆ ನೋಡಲು ದವಡೆಯ ಚಿತ್ರವೊಂದೇ ಉಳಿಯುತ್ತದೆ.

ಆದ್ದರಿಂದ ಒಂದು ಆಟವನ್ನಾದರೂ ನಿಯಮಬದ್ಧವಾಗಿ ಮುಗಿಸಿ, ಸೋತವರನ್ನು ಕಣ್ಣಾರೆ ಕಂಡು ದಾಖಲಿಸುವ ಉದ್ದೇಶದಿಂದ ಕೆಳಸಹಿದಾರರು 14ರಂದು ಸ್ವತಃ ಮೇಜಿಗೆ ಕುಳಿತರು. ಎದುರಾಳಿ: ಟೋಕನ್ ಸಂಖ್ಯೆ 23, ವಯಸ್ಸು ಏಳು, ಮೇಲಿನ ಮುಂದಿನ ಹಲ್ಲು ಅಲುಗುತ್ತಿರುವ ಹುಡುಗಿ, ಜೊತೆಗೆ ದರ್ಜಿ ಕೆಲಸದ ತಂದೆ. ಬಿಳಿ ಕಾಲಾಳುಗಳಲ್ಲಿ ಒಂದು ಹಿಂದೆಯೇ ಕಳೆದುಹೋಗಿ, ಅದರ ಜಾಗದಲ್ಲಿ ಟೂತ್‌ಪೇಸ್ಟ್ ಟ್ಯೂಬಿನ ಮುಚ್ಚಳವೊಂದು ಸೇವೆ ಸಲ್ಲಿಸುತ್ತಿತ್ತು. ಆಗ ನಡೆದ ಮಾತುಗಳನ್ನು ಇದ್ದಂತೆಯೇ ದಾಖಲಿಸಲಾಗಿದೆ:

ಹುಡುಗಿ: "ತಾತ, ಮುಚ್ಚಳ ನಂದು. ನೀವು ಕಪ್ಪು ತಗೊಳ್ಳಿ."

ತಂದೆ: "ಲೇ, ಸಾಹೇಬ್ರು ಕಣೇ ಅವ್ರು. ಸ್ವಲ್ಪ ನೋಡ್ಕೊಂಡು ಆಡು."

ಹುಡುಗಿ: "ನಾನು ನೋಡ್ಕೊಂಡೇ ಆಡ್ತಿದೀನಪ್ಪ. ಅವ್ರೇ ನೋಡ್ತಾ ಇಲ್ಲ."

ಟೋಕನ್ ಅಕ್ಕ: "ಇರ್ಲಿ ಬಿಡಿ ಸಾರ್. ಮೊದಲನೇ ದಿನ ಎಲ್ರೂ ಹೀಗೇ."

ಹನ್ನೊಂದನೇ ನಡೆಗೆ ಮುಚ್ಚಳವು ತುದಿಗೆ ಒಂದೇ ಮನೆ ದೂರದಲ್ಲಿದ್ದು, ಅದನ್ನು ತಡೆಯುವವರು ಯಾರೂ ಇರಲಿಲ್ಲ. ಹುಡುಗಿ ಕೆಳಸಹಿದಾರರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಹುಡುಗಿ: "ಅಕ್ಕಾ, ತಾತಂಗೆ ತುಟಿ ನಡುಗ್ತಾ ಇದೆ."

ತಂದೆ: "ಏಯ್, ಅದು ಮೀಸೆ ಕಣೇ."

ಹುಡುಗಿ: "ಮೀಸೆ ಕೆಳಗಡೆ."

ಫ್ಯಾನಿನ ಗಾಳಿಗೆ ಮೀಸೆ ಅಲುಗಿರಬಹುದೆಂದು ಕೆಳಸಹಿದಾರರು ಸ್ಥಳದಲ್ಲಿಯೇ ವಿವರಣೆ ನೀಡಿದರು. ಆ ಫ್ಯಾನು ಎಂಟು ತಿಂಗಳಿಂದ ಕೆಟ್ಟು ನಿಂತಿರುವ ಬಗ್ಗೆ ಇದೇ ಶಾಖೆಯಲ್ಲಿ ಕಡತವಿದೆ. ಹುಡುಗಿ ವಿವರಣೆಗೆ ಕಾಯದೆ, ಎರಡೂ ಕೈಯಿಂದ ಹಲಗೆಯನ್ನು ನಿಧಾನವಾಗಿ ತಿರುಗಿಸಿದಳು. "ಈಗ ಮುಚ್ಚಳ ನಿಮ್ದು" ಎಂದಳು. ತಾನು ಒಂದು ಕಪ್ಪು ಕಾಲಾಳನ್ನು ನಡೆಸಿದಳು. ಗಂಟೆ ಬಾರಿಸಿತು. ಇಪ್ಪತ್ತಮೂರನೇ ಸಂಖ್ಯೆ ಒಳಗೆ ಹೋಯಿತು.

ಕೆಳಸಹಿದಾರರ ಇಪ್ಪತ್ತೆಂಟು ವರ್ಷಗಳ ಸೇವಾ ಪುಸ್ತಕವನ್ನು ಪರಿಶೀಲಿಸಲಾಗಿ, ಅವರ ಪರವಾಗಿ ಯಾರಾದರೂ ಹಲಗೆ ತಿರುಗಿಸಿದ ದಾಖಲೆ ಕಂಡುಬಂದಿಲ್ಲ.

ಒಂದು ನಡೆಯಷ್ಟೇ ಬಾಕಿ ಇತ್ತು. ಕೆಳಸಹಿದಾರರು ಅದನ್ನು ನಡೆಸಲಿಲ್ಲ. ಇಪ್ಪತ್ತೈದು ನಿಮಿಷ ಮುಚ್ಚಳವನ್ನು ಕಾಯುತ್ತ ಕುಳಿತರು. ಹುಡುಗಿ ಬಾಯಲ್ಲಿ ಹತ್ತಿ ಇಟ್ಟುಕೊಂಡು ಹೊರಬಂದು, ಮಾತಾಡಲು ಆಗದೆ, ಬೆರಳಿನಿಂದ ಮುಂದಿನ ಮನೆಯನ್ನು ತೋರಿಸಿದಳು. ಆಗ ನಡೆಸಲಾಯಿತು. ಗೆದ್ದವರು ಯಾರೆಂದು ನಮೂನೆ 7 ಕೇಳಿತು. ಕೆಳಸಹಿದಾರರು ಪೆನ್ನಿನ ಮುಚ್ಚಳ ಹಾಕಿ ಎದ್ದುಬಂದರು.

ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ಹೊಸದಾಗಿ ಕಲಿಯುವ ಯಾರೇ ಆಗಲಿ ಕಾಲಾಳುಗಳಿಂದಲೇ ಆರಂಭಿಸತಕ್ಕದ್ದು. "ನನಗೆ ಎಲ್ಲಾ ಗೊತ್ತು" ಎಂದು ಹೇಳುವ ಚಿಕ್ಕಪ್ಪಂದಿರು, ದೊಡ್ಡಪ್ಪಂದಿರು ಹಾಗೂ ಭಾವಂದಿರಿಗೆ ಇದು ಎರಡು ಪಟ್ಟು ಅನ್ವಯಿಸುತ್ತದೆ.

2. ಮುಚ್ಚಳವನ್ನು ಪೂರ್ಣಾವಧಿ ಕಾಲಾಳು ಎಂದು ಪರಿಗಣಿಸತಕ್ಕದ್ದು. ಅದನ್ನು ಮೂಸಿ ನೋಡುವುದನ್ನು ನಿಷೇಧಿಸಲಾಗಿದೆ.

3. ಕಾಲಾಳು ಮುಂದಕ್ಕೆ ಮಾತ್ರ ಹೋಗತಕ್ಕದ್ದು, ಯಾವ ಕಾರಣಕ್ಕೂ ಹಿಂದಕ್ಕೆ ಬರುವಂತಿಲ್ಲ. ಇಲಾಖೆಯ ಕಡತಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

4. ಕಾಲಾಳು ನೇರವಾಗಿ ನಡೆದು ಓರೆಯಾಗಿ ಹೊಡೆಯುತ್ತದೆ. ಮಕ್ಕಳಿಗೆ ಇದನ್ನು ಮೂರು ಬಾರಿ ವಿವರಿಸಬೇಕಾಯಿತು. ಕಚೇರಿಯ ಸಿಬ್ಬಂದಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

5. ಮೊದಲ ಹೆಜ್ಜೆಯಲ್ಲಿ ಎರಡು ಮನೆ ದಾಟಲು ಅವಕಾಶವಿದೆ. ಆಮೇಲೆ ಒಂದೊಂದೇ. ಉತ್ಸಾಹವು ಎಲ್ಲ ಹುದ್ದೆಗಳಲ್ಲಿಯೂ ಹೀಗೆಯೇ ಇರುವುದರಿಂದ ಕಾರಣ ಕೇಳುವಂತಿಲ್ಲ.

6. ತುಟಿ ನಡುಗುವಿಕೆ: ಕೆಳತುಟಿಯು ಎರಡು ಮಿಲಿಮೀಟರಿಗಿಂತ ಹೆಚ್ಚು ಅಲುಗಿದಲ್ಲಿ ಹಲಗೆ ತಿರುಗಿಸತಕ್ಕದ್ದು. ಅಳತೆಪಟ್ಟಿ ಹಿಡಿದು ಹತ್ತಿರ ಹೋದರೆ ನಡುಗುವಿಕೆ ಹೆಚ್ಚುವುದು ಕಂಡುಬಂದಿರುವುದರಿಂದ ಕಣ್ಣಳತೆ ಸಾಕು. ಮೀಸೆ ಇರುವವರ ವಿಷಯದಲ್ಲಿ ಏಳು ವರ್ಷದ ಒಬ್ಬ ತಜ್ಞರ ಅಭಿಪ್ರಾಯವೇ ಅಂತಿಮ.

7. ಹಲಗೆಯನ್ನು ಎರಡೂ ಕೈಯಿಂದ, ಒಂದು ಕಾಲಾಳೂ ಬೀಳದಂತೆ, ಏನೂ ಆಗಿಲ್ಲವೆಂಬಂತೆ ತಿರುಗಿಸತಕ್ಕದ್ದು. ತಿರುಗಿಸುವಾಗ "ಪಾಪ" ಎನ್ನುವಂತಿಲ್ಲ. ಕೇಳಿದವರಿಗೆ ತಿರುಗಿಸಬಹುದು; ಕೇಳದವರಿಗೆ ಬೇಗ ತಿರುಗಿಸತಕ್ಕದ್ದು.

8. ಊದಿದ ಕೆನ್ನೆಯವರು ಪಕ್ಕದಿಂದ ಸಲಹೆ ನೀಡುವಂತಿಲ್ಲ. ಏಕೆಂದರೆ "ಅದನ್ನ ನಡೆಸ್ಬೇಡ" ಮತ್ತು "ಅದನ್ನೇ ನಡೆಸು" ಎರಡೂ ಅವರ ಬಾಯಲ್ಲಿ ಒಂದೇ ಥರ ಕೇಳುತ್ತವೆ. ಇದರಿಂದ ಹಿಂದಿನ ಬುಧವಾರ ಅಂಚೆಯವರೊಬ್ಬರು ಮೂರು ಕಾಲಾಳು ಕಳೆದುಕೊಂಡಿದ್ದಾರೆ.

9. "ಮುಂದಿನವರು ಯಾರು?" ಎಂದು ಕೇಳಲು ಹೊರಬರುವ ದಂತವೈದ್ಯರು ಎರಡು ನಡೆಗಿಂತ ಹೆಚ್ಚು ಹೊತ್ತು ಮೇಜಿನ ಬಳಿ ನಿಲ್ಲುವಂತಿಲ್ಲ. ಕೈಗವಸು ಇರುವುದರಿಂದ ಕಾಲಾಳುಗಳನ್ನು ಮುಟ್ಟುವಂತಿಲ್ಲ, ಗಲ್ಲದಿಂದ ತೋರಿಸಬಹುದು. ಒಳಗೆ ಯಾರಾದರೂ ಬಾಯಿ ತೆರೆದುಕೊಂಡು ಮಲಗಿರುವರೇ ಎಂದು ನೆನಪಿಸಿಕೊಂಡು ನಿಲ್ಲತಕ್ಕದ್ದು.

10. ಎರಡೂ ಪಡೆಗಳು ಮುಖಾಮುಖಿ ನಿಂತು ಯಾರಿಗೂ ನಡೆ ಇಲ್ಲದಂತಾದರೆ ಆಟ ಸಮ. ನಮೂನೆಯಲ್ಲಿ ಸಮ ಎಂಬ ಕಲಂ ಇಲ್ಲದ ಕಾರಣ ಇಬ್ಬರೂ ಒಟ್ಟಿಗೆ ಡಬ್ಬಿ ಮುಚ್ಚಿ, ನಡೆದದ್ದನ್ನು ಯಾರಿಗೂ ಹೇಳಕೂಡದು.

11. ಮಲಗಿರುವ ದೊಡ್ಡವರನ್ನು ಒಬ್ಬೊಬ್ಬರಾಗಿ ಮಾತ್ರ ಎಬ್ಬಿಸತಕ್ಕದ್ದು, ಅದೂ ಮಗುವೇ ಡಬ್ಬಿಯೊಳಗೆ ಇಣುಕಿ "ಇದು ಯಾರು?" ಎಂದು ಕೇಳಿದ ಮೇಲೆ. ಕುದುರೆಯ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ಆದಾಗ್ಯೂ ಕುದುರೆಯನ್ನು ಕೊನೆಗೆ ಎಬ್ಬಿಸತಕ್ಕದ್ದು. ಅದರ ನಡೆಯನ್ನು ಕೆಳಸಹಿದಾರರಿಗೆ ವಿವರಿಸುವ ಕಾರ್ಯ ಇನ್ನೂ ಪ್ರಗತಿಯಲ್ಲಿದೆ.

12. ತುದಿ ಮುಟ್ಟಿದ ಕಾಲಾಳಿಗೆ ಮುಂದೆ ಏನು ಸಿಗುತ್ತದೆ ಎಂದು ಶಾಖೆಯ ಹಿರಿಯ ಗುಮಾಸ್ತರು ಮೂರು ಬಾರಿ ಲಿಖಿತವಾಗಿ ವಿಚಾರಿಸಿದ್ದಾರೆ. ಈ ಸರಳ ಆಟದಲ್ಲಿ ಚಪ್ಪಾಳೆ ಸಿಗುತ್ತದೆ.

13. ಸೋತವರ ಕಲಂ: ಹಲಗೆ ತಿರುಗಿಸಿದಾಗ ಸೋಲುವ ಪಡೆಯು ತಿರುಗಿಸಿದವರ ಪಾಲಿಗೆ ಬರುವುದು ಪ್ರಸ್ತಾವನೆಯಿಂದ ಸಿದ್ಧವಾಗಿದೆ. ಆ ಪ್ರಕಾರ ಕೆಳಸಹಿದಾರರು ದಾಖಲೆಯ ಅರವತ್ತೊಂದೂ ಆಟಗಳ ಮಟ್ಟಿಗೆ, ಏನೂ ಆಗಿಲ್ಲವೆಂಬಂತೆ, ಈ ಮೂಲಕ ಹಲಗೆಯನ್ನು ತಿರುಗಿಸಿರುತ್ತಾರೆ. ಸೋತವರು: ಕೆಳಸಹಿದಾರರು. ಸಹಿ: ಕೆಳಸಹಿದಾರರದು, ಅರವತ್ತೊಂದು ಬಾರಿ. ಸೋತ ತಂಡದ ಒಟ್ಟು ತೂಕ: ಎಪ್ಪತ್ತನಾಲ್ಕು ಕಿಲೋ, ಚಪ್ಪಲಿ ಸೇರಿ. ಹತ್ತೊಂಬತ್ತನೇ ಸಾಲಿನಲ್ಲಿ ಹಲ್ಲಿನ ಕೆಳಗೆ ಸಹಿ ಮಾಡಲಾಗಿದೆ.

14. ನಮೂನೆ 7 ಹೀಗೆ ಎಲ್ಲ ಕಲಂಗಳಲ್ಲಿಯೂ ಪೂರ್ಣಗೊಂಡಿರುವುದರಿಂದ, ಉಲ್ಲೇಖ 1ರ ಪ್ರಕಾರ ಮೇಜನ್ನು ಸಾಗಿಸಲು ಕಾರಣ ಉಳಿದಿರುವುದಿಲ್ಲ. ಆದರೂ 30ರಂದು ಕೈಗಾಡಿಯವರು ಬಂದಲ್ಲಿ ಅವರಿಗೆ ಒಂದು ಟೋಕನ್ ಕೊಟ್ಟು, ಕಿಟಕಿಯ ಪಕ್ಕ ಕೂರಿಸಿ, ಎಂಟು ಕಾಲಾಳುಗಳನ್ನು ಜೋಡಿಸಿಕೊಡತಕ್ಕದ್ದು.

15. ಮುಂದಿನ ಅವಧಿಯ ಆಟಗಳಲ್ಲಿಯೂ ಸೋಲಲು ಕೆಳಸಹಿದಾರರು ಮಂಗಳವಾರಗಳಂದು ಊಟದ ವಿರಾಮದಲ್ಲಿ ಲಭ್ಯವಿರುತ್ತಾರೆ.

ಸಹಿ/-
ಸಹಾಯಕ ಮೇಲ್ವಿಚಾರಕರು
(ಅರವತ್ತೊಂದು ಆಟಗಳಲ್ಲಿ ಸೋತವರು)

ಅಡಕ: ನಮೂನೆ 7, ಹಾಳೆ ನಾಲ್ಕು. ಹೆಚ್ಚುವರಿ ಮುಚ್ಚಳ ಒಂದು, ಕೆಳಸಹಿದಾರರ ಮನೆಯ ಟ್ಯೂಬಿನದು. ಟ್ಯೂಬಿನಲ್ಲಿ ಇನ್ನೂ ಅರ್ಧ ಪೇಸ್ಟ್ ಇದ್ದ ಬಗ್ಗೆ ಮನೆಯವರಿಂದ ಬಂದ ಆಕ್ಷೇಪಣೆಯನ್ನು ಕಡತಕ್ಕೆ ಸೇರಿಸಲಾಗಿದೆ.

ಪ್ರತಿಗಳು:
1. ಕೇಂದ್ರ ಕಚೇರಿಯ ನಿರ್ದೇಶಕರಿಗೆ, ಮಾಹಿತಿಗಾಗಿ. ಆಕ್ಷೇಪವಿದ್ದಲ್ಲಿ ಖುದ್ದಾಗಿ ಬಂದು ಟೋಕನ್ ಪಡೆಯಲು ಕೋರಿದೆ. ತುಟಿ ನಡುಗಿದರೆ ನೋಡಿಕೊಳ್ಳಲಾಗುವುದು.
2. ಟೋಕನ್ ಅಕ್ಕ ಅವರಿಗೆ, ಈಗ ಮಾಡುತ್ತಿರುವುದನ್ನೇ ಮುಂದುವರಿಸುವ ಸಲುವಾಗಿ.
3. ದಂತವೈದ್ಯರಿಗೆ, ಕಂಡಿಕೆ 9ರತ್ತ ಗಮನ ಸೆಳೆಯುತ್ತಾ.
4. ಉಗ್ರಾಣ ಪಾಲಕರಿಗೆ, ಮೇಜಿಗೆಂದು ತೆರವು ಮಾಡಿದ್ದ ಜಾಗದಲ್ಲಿ ದವಡೆಯ ಚಿತ್ರವನ್ನು ಇರಿಸಿಕೊಳ್ಳಲು.
5. ಫ್ಯಾನಿನ ಕಡತಕ್ಕೆ.
6. ಟೋಕನ್ ಸಂಖ್ಯೆ 23ಕ್ಕೆ, ದರ್ಜಿ ತಂದೆಯ ಮೂಲಕ. ಹೊಸ ಹಲ್ಲು ಬಂದ ಮೇಲೆ ತೋರಿಸತಕ್ಕದ್ದು. ಮುಚ್ಚಳ ಅವರದೇ ಎಂದು ಈ ಮೂಲಕ ದೃಢೀಕರಿಸಲಾಗಿದೆ.