ಪ್ರಭಾರ ವಿಜೇತ ರಾಷ್ಟ್ರ

ನಮ್ಮ ಪರಾಗ್ವೆ ಗಣರಾಜ್ಯವು ಮೂರು ದೇಶಗಳ ಮೇಲೆ ಒಟ್ಟಿಗೇ ಯುದ್ಧ ಮಾಡಿ 1870ರಲ್ಲಿ ಸೋತಿತು. ಗೆದ್ದವರು ಯುದ್ಧ ಪರಿಹಾರ ಕೇಳಿದರು. ಕೊಡಲು ನಮ್ಮಲ್ಲಿ ಆಗ ಹಣವಿರಲಿಲ್ಲ, ದನಗಳಿರಲಿಲ್ಲ, ಗಂಡಸರೂ ಹೆಚ್ಚು ಉಳಿದಿರಲಿಲ್ಲ. ಆದ್ದರಿಂದ ಕಚೇರಿಯೊಂದನ್ನು ತೆರೆಯಲಾಯಿತು.

ನಾನು ಆ ಕಚೇರಿಯ ಎರಡನೇ ದರ್ಜೆ ಗುಮಾಸ್ತ. ಕಚೇರಿಯ ಹೆಸರು ಯುದ್ಧ ಪರಿಹಾರ ಪಾವತಿ ಪೂರ್ವಸಿದ್ಧತಾ ನಿರ್ದೇಶನಾಲಯ. ಇದುವರೆಗೆ ನಾವು ಬಿಡಿಗಾಸನ್ನೂ ಪಾವತಿಸಿಲ್ಲ, ಏಕೆಂದರೆ ಪೂರ್ವಸಿದ್ಧತೆ ಮುಗಿದಿಲ್ಲ. ಗೆದ್ದ ಮೂವರಲ್ಲಿ ಒಬ್ಬರು ಹದಿಮೂರೇ ವರ್ಷಕ್ಕೆ ಬೇಸತ್ತು ಸಾಲ ಮನ್ನಾ ಮಾಡಿದರು. ಉಳಿದಿಬ್ಬರು ಎರಡನೇ ಮಹಾಯುದ್ಧದ ಹೊತ್ತಿಗೆ ಮಾಡಿದರು. ಮನ್ನಾ ಪತ್ರಗಳು ಕಚೇರಿಗೆ ತಲುಪಿವೆ, ಅವು ಪರಿಶೀಲನೆಯಲ್ಲಿವೆ. ಪಟ್ಟಿಯಲ್ಲಿ ನಾವು ನಲವತ್ತಮೂರು ನೌಕರರಿದ್ದೇವೆ. ಮೂವತ್ತೆರಡು ಮಂದಿ ಸಂಬಳದ ದಿನ ಮಾತ್ರ ಬಂದು ಸಹಿ ಹಾಕಿ ಹೋಗುತ್ತಾರೆ, ಅವರಿಂದ ಯಾರಿಗೂ ತೊಂದರೆಯಿಲ್ಲ. ದಿನಾ ಬರುವ ಹನ್ನೊಂದು ಮಂದಿಗೇ ಕುರ್ಚಿ ಸಾಲುವುದಿಲ್ಲ.

ತೊಂದರೆ ಬಂದದ್ದು ನ್ಯಾ ಪೆರ್ಪೆತುವಾ ಅವರಿಂದ. ನಮ್ಮಲ್ಲಿ ಗೌರವಕ್ಕೆ ಹಿರಿಯ ಹೆಂಗಸರನ್ನು ನ್ಯಾ ಎಂದೂ ಗಂಡಸರನ್ನು ಕರಾಯ್ ಎಂದೂ ಕರೆಯುತ್ತೇವೆ. ನಮ್ಮ ಗೇಟಿನಲ್ಲಿ ಬುಟ್ಟಿ ಇಟ್ಟುಕೊಂಡು ಚೀಸ್ ಹಾಕಿದ ಚೀಪಾ ರೊಟ್ಟಿ ಮಾರುವ ಎಪ್ಪತ್ತೊಂದರ ಹೆಂಗಸು. ನದಿಯ ತಗ್ಗಿನಲ್ಲಿ ಐವತ್ತು ವರ್ಷದಿಂದ ಎರಡು ಕೋಣೆಯ ಮನೆ, ಹಿತ್ತಲಲ್ಲಿ ಗಂಡ ಕಟ್ಟಿಕೊಟ್ಟ ಮಣ್ಣಿನ ಒಲೆ. ಈಗ ಅಲ್ಲಿ ನದೀತೀರ ರಸ್ತೆ ಬರುವುದಿತ್ತು. ಹಕ್ಕುಪತ್ರ ಇದ್ದವರಿಗೆ ಬದಲಿ ಮನೆ, ಇಲ್ಲದವರಿಗೆ ಸಾಮಾನು ಸಾಗಿಸಲು ಅರ್ಧ ದಿನ ಲಾರಿ ಎಂದು ನೋಟೀಸು ಹೇಳಿತ್ತು. ಆಕೆಯ ಜಾಗ 1871ರಲ್ಲೇ ಯುದ್ಧ ಸಾಲಕ್ಕೆ ಅಡವಾಗಿತ್ತಾದ್ದರಿಂದ, ಹಕ್ಕುಪತ್ರ ಸಿಗಬೇಕಾದರೆ ನಮ್ಮ ಕಚೇರಿಯ ಬಿಡುಗಡೆ ಪತ್ರ ಬೇಕು. ಗಡುವು ಇಪ್ಪತ್ತು ದಿನ.

ನಿರ್ದೇಶಕರಾದ ಕರಾಯ್ ಬೋಗಾರಿನ್ ತೆರೆರೆ ಎಂಬ ತಣ್ಣನೆಯ ಎಲೆ ಕಷಾಯ ಹೀರುತ್ತಾ ಅರ್ಜಿ ಓದಿದರು.

"ಸಾಲ ತೀರದೆ ಅಡವು ಬಿಡೋಕಾಗಲ್ಲಮ್ಮಾ."

"ಅವ್ರೇ ಬೇಡ ಅಂತ ಬಿಟ್ಟು ಎಷ್ಟು ಕಾಲ ಆಯ್ತು ಕರಾಯ್! ನೀವ್ಯಾಕೆ ಇನ್ನೂ ಅದನ್ನ ಎದೆಗೆ ಅವಚ್ಕೊಂಡು ಕೂತಿದೀರಿ?"

"ಬಿಟ್ಟಿದ್ದು ಅವ್ರ ದೊಡ್ಡಸ್ತಿಕೆ. ಹಿಡ್ಕೊಂಡಿರೋದು ನಮ್ಮ ದೇಶದ ಮರ್ಯಾದೆ."

"ಆ ಮರ್ಯಾದೆ ಬಂದು ನನ್ನ ಹಿತ್ತಲಲ್ಲೇ ಕೂರ್ಬೇಕಾ? ಬೇರೆಲ್ಲೂ ಜಾಗ ಸಿಗ್ಲಿಲ್ವಾ ಅದಕ್ಕೆ?"

ಪ್ರಶ್ನೆ ನನಗೆ ನ್ಯಾಯವೆನಿಸಿತು. ಅದನ್ನು ಕಡತದಲ್ಲಿ ನಮೂದಿಸಲು ಅವಕಾಶವಿಲ್ಲ.

ಆಕೆಯ ಜಾಗದ ಪಾಲಿಗೆ ಎಷ್ಟು ಸಾಲ ಬರುತ್ತದೋ ಅಷ್ಟನ್ನು ತಾನೇ ಕಟ್ಟುವುದಾಗಿ ಆಕೆ ಹೇಳಿದರು. ನಾವು ಲೆಕ್ಕ ಹಾಕಿದೆವು. ನೂರ ಹತ್ತು ಚೀಪಾ ಮಾರಿದರೆ ಬರುವಷ್ಟು ಹಣ. ಆಕೆ ಸೊಂಟದ ಚೀಲದಿಂದ ಎಣಿಸಿ ಮೇಜಿನ ಮೇಲಿಟ್ಟರು. ನೂರೈವತ್ತು ವರ್ಷದಲ್ಲಿ ಕಚೇರಿಗೆ ಬಂದ ಮೊದಲ ಹಣ ಅದು. ಹನ್ನೊಂದು ಮಂದಿಯೂ ಎದ್ದು ಬಂದು ನೋಡಿದರು.

ಆದರೆ ನಿಯಮದ ಪ್ರಕಾರ ಗೆದ್ದ ದೇಶದ ರಸೀದಿ ಬೇಕು. ಹಣ ಹಿಡಿದುಕೊಂಡು ನಾನೇ ಮೂರೂ ರಾಯಭಾರ ಕಚೇರಿಗಳಿಗೆ ಹೋದೆ. ಮೂರೂ ಕಡೆ ಕಾಫಿ ಕೊಟ್ಟರು, ರಸೀದಿ ಕೊಡಲಿಲ್ಲ. ಒಂದು ಕಡೆಯಂತೂ ಒಬ್ಬ ಹುಡುಗಿ, "ಯಾವ ಯುದ್ಧ ಸಾರ್?" ಎಂದು ಕೇಳಿದಳು. ನನಗೆ ಬಹಳ ಅವಮಾನವಾಯಿತು. ಸೋತವರು ನಾವು ಇಷ್ಟು ಶ್ರದ್ಧೆಯಿಂದ ನೆನಪಿಟ್ಟುಕೊಂಡಿರುವಾಗ ಗೆದ್ದವರು ಮರೆಯುವುದೆಂದರೇನು?

ಕರಾಯ್ ಬೋಗಾರಿನ್ ಮಾತ್ರ ಧೃತಿಗೆಡಲಿಲ್ಲ. ನಮ್ಮಲ್ಲಿ ಯಾರಾದರೂ ರಜೆ ಹೋದರೆ, ನಿವೃತ್ತರಾದರೆ, ಸತ್ತರೆ, ಆ ಸ್ಥಾನಕ್ಕೆ ಇನ್ನೊಬ್ಬರನ್ನು ಪ್ರಭಾರದಲ್ಲಿ ನೇಮಿಸುವುದು ವಾಡಿಕೆ. ಸ್ವತಃ ಅವರೇ ಹತ್ತೊಂಬತ್ತು ವರ್ಷದಿಂದ ಪ್ರಭಾರ ನಿರ್ದೇಶಕರು. ಗೆದ್ದ ದೇಶಗಳು ಕರ್ತವ್ಯಕ್ಕೆ ಗೈರಾಗಿರುವುದರಿಂದ ಅವುಗಳಿಗೂ ಪ್ರಭಾರ ನೇಮಕ ಆಗಬೇಕೆಂದು ಅವರು ತೀರ್ಮಾನಿಸಿದರು. ಅಭ್ಯರ್ಥಿ ಸೋತ ಸರ್ಕಾರದ ನೌಕರರಾಗಿರಬಾರದು, ದಿನಾ ಕಚೇರಿಗೆ ಬರುವವರಾಗಿರಬೇಕು, ಸಹಿ ಬರಬೇಕು. ಮೂರೂ ಅರ್ಹತೆ ಇದ್ದದ್ದು ಗೇಟಿನಲ್ಲಿ ಕೂತವರಿಗೆ ಮಾತ್ರ.

"ಈ ಮೂಲಕ ಎಲ್ಲರ ಗಮನಕ್ಕೆ ತರುವುದೇನೆಂದರೆ," ಎಂದು ಆದೇಶ ಹೊರಬಿತ್ತು, "ಚೀಪಾ ವ್ಯಾಪಾರಿ ನ್ಯಾ ಪೆರ್ಪೆತುವಾ ಅವರನ್ನು ತಕ್ಷಣದಿಂದ ಜಾರಿಗೆ ಬರುವಂತೆ, ಮುಂದಿನ ಆದೇಶದವರೆಗೆ, ಪ್ರಭಾರ ವಿಜೇತ ರಾಷ್ಟ್ರವನ್ನಾಗಿ ನೇಮಿಸಲಾಗಿದೆ. ಭತ್ಯೆ ಇರುವುದಿಲ್ಲ."

ಆಕೆ ತಾನು ಕಟ್ಟಿದ ಹಣವನ್ನು ತಾನೇ ಪಡೆದು, ತನಗೇ ರಸೀದಿ ಬರೆದುಕೊಟ್ಟರು. ಬಿಡುಗಡೆ ಪತ್ರ ಸಿದ್ಧವಾಯಿತು. ಗಡುವಿಗೆ ಇನ್ನೂ ಎರಡು ದಿನವಿತ್ತು. ಆ ದಿನ ಆಕೆ ನಮಗೆಲ್ಲ ಪುಕ್ಕಟೆ ಚೀಪಾ ಹಂಚಿದರು.

ನದೀತೀರ ರಸ್ತೆಯವರು ಪತ್ರವನ್ನು ಗೌರವದಿಂದ ಸ್ವೀಕರಿಸಿ, ಗೌರವದಿಂದ ತಿರಸ್ಕರಿಸಿದರು. ಪರರಾಷ್ಟ್ರವೊಂದು ನದಿಯಂಚಿನಲ್ಲಿ ಭೂಮಿ ಹೊಂದುವುದು ದೇಶದ ಭದ್ರತೆಗೆ ಅಪಾಯ ಎಂಬುದು ಅವರ ಷರಾ. ಮಂಗಳವಾರ ಬೆಳಿಗ್ಗೆ ಯಂತ್ರ ಬಂತು. ಪರರಾಷ್ಟ್ರವಾದ್ದರಿಂದ ಇಬ್ಬರು ಪೊಲೀಸರು ಆಕೆಗೆ ಸೆಲ್ಯೂಟ್ ಹೊಡೆದರು. ಮನೆ ಬೀಳಲು ಹನ್ನೊಂದು ನಿಮಿಷ ಹಿಡಿಯಿತು, ಒಲೆಗೆ ಅಷ್ಟೂ ಬೇಕಾಗಲಿಲ್ಲ. ನಾನು ಅಲ್ಲಿದ್ದೆ. ಆಕೆ ಅಳಲಿಲ್ಲ. ಒಲೆಯ ಇಟ್ಟಿಗೆಗಳನ್ನು ಒಂದೊಂದಾಗಿ ಕೊಡವಿ ಲಾರಿಗೆ ತುಂಬಿಸುತ್ತಿದ್ದರು. ನೋಡಲಾರದೆ ನಾನೂ ಕೈಹಾಕಿದೆ, ಆಗಲೇ ಆಕೆಯ ಕಿವಿಯಲ್ಲಿ ಒಂದು ಮಾತು ಹೇಳಿದೆ. ನಮ್ಮ ನಿಯಮಾವಳಿಯ ನಲವತ್ತೊಂದನೇ ಕಲಮನ್ನು ಯಾರೂ ಓದಿರಲಿಲ್ಲ, ನಾನು ಓದಿದ್ದೆ.

ಲಾರಿ ನೇರ ನಮ್ಮ ಕಚೇರಿಗೆ ಬಂತು. ಹಾಸಿಗೆ, ಬಾಣಲೆ, ಇಟ್ಟಿಗೆ, ನಾಲ್ಕು ಕೋಳಿ.

"ಏನಮ್ಮಾ ಇದು?" ಕರಾಯ್ ಬೋಗಾರಿನ್ ಗಾಬರಿಯಾದರು.

"ಪಡೆ," ಎಂದು ಆಕೆ ಕೋಳಿಗಳನ್ನು ತೋರಿಸಿದರು. "ಸಾಲ ತೀರೋವರೆಗೂ ಗೆದ್ದ ದೇಶ ತನ್ನ ಪಡೆ ಸಮೇತ ಯಾವ್ದಾದ್ರೂ ಸರ್ಕಾರಿ ಕಟ್ಟಡದಲ್ಲಿ ಬೀಡು ಬಿಡಬಹುದಂತೆ. ನಿಮ್ಮ ಪುಸ್ತಕದಲ್ಲೇ ಇದೆ. ನನ್ನ ಪಾಲಿಂದು ಕಟ್ಟಿದೀನಿ, ಉಳಿದಿದ್ದು ನೀವು ಕೊಡ್ಬೇಕಲ್ಲ, ಕೊಡಿ."

ಅವರು ಕಲಮನ್ನು ಎರಡು ಸಲ ಓದಿದರು, ಬೆವರು ಒರೆಸಿಕೊಂಡರು, ಎದ್ದು ನಿಂತರು. ನಿಯಮಕ್ಕೆ ತಲೆಬಾಗುವ ಮನುಷ್ಯ. ಅಂಗಳದ ನೆರಳಿನ ಮೂಲೆಯಲ್ಲಿ ಒಲೆ ಕಟ್ಟಲಾಯಿತು. ನಾವೇ ಮಣ್ಣು ಕಲಸಿದೆವು. ಬಿಸಿ ಚೀಪಾ ಸಿಗುವ ಸುದ್ದಿ ಹಬ್ಬಿ, ಸಂಬಳದ ದಿನ ಮಾತ್ರ ಬರುತ್ತಿದ್ದ ಮೂವತ್ತೆರಡು ಮಂದಿಯಲ್ಲಿ ಒಂಬತ್ತು ಜನ ದಿನಾ ಬರತೊಡಗಿದರು. ಇಲಾಖೆಯ ವಾರ್ಷಿಕ ವರದಿಯಲ್ಲಿ ಇದನ್ನು ಆಡಳಿತ ಸುಧಾರಣೆ ಎಂದು ಬರೆಯಲಾಗಿದೆ.

ಕಳೆದ ತಿಂಗಳು ರಸ್ತೆಯ ಎರಡನೇ ಹಂತದ ಇಂಜಿನಿಯರ್ ಟೇಪು ಹಿಡಿದು ನಮ್ಮ ಅಂಗಳಕ್ಕೆ ಬಂದ. ರಸ್ತೆ ಸರಿಯಾಗಿ ಒಲೆಯ ಮೇಲೆ ಹಾದುಹೋಗುತ್ತಿತ್ತು.

"ಇದು ಯಾರ ಜಾಗ?"

"ಗೆದ್ದ ದೇಶದ್ದು," ಎಂದರು ಕರಾಯ್ ಬೋಗಾರಿನ್ ಗಂಭೀರವಾಗಿ, ಆದೇಶದ ಪ್ರತಿ ಚಾಚುತ್ತಾ.

ಇಂಜಿನಿಯರ್ ಮೊಹರು ನೋಡಿದ. ತಕರಾರು ಮಾಡಲಿಲ್ಲ. ಜೇಬಿನಿಂದ ರಬ್ಬರ್ ತೆಗೆದು ನಕ್ಷೆಯ ಮೇಲಿನ ಗೆರೆ ಉಜ್ಜಿ, ಹದಿನೆಂಟು ಮೀಟರ್ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಎರಡು ಚೀಪಾ ಕೊಂಡು, ದುಡ್ಡು ಕೊಟ್ಟು ಹೋದ.

ನ್ಯಾ ಪೆರ್ಪೆತುವಾ ಹಿಟ್ಟಿನ ಕೈಯಲ್ಲೇ ನಿಂತು ಅವನು ಹೋದ ದಾರಿ ನೋಡುತ್ತಿದ್ದರು.

"ಗೆರೆ ಸರಿಸೋದು ಇಷ್ಟು ಸುಲಭಾನಾ ಮಗಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತುಂಬ ಚೀಪಾ ಇಟ್ಟುಕೊಂಡಿದ್ದೆ. ಕಚೇರಿಯಲ್ಲಿ ಎಲ್ಲರೂ ಇಟ್ಟುಕೊಂಡಿದ್ದರು.