ಸೊಟ್ಟಕ್ಕೆ ಸೊಟ್ಟ ಹಿಡಿಯುವ ಕನ್ನಡಿ

ಇನ್ನೊಬ್ಬರ ಸೊಟ್ಟವನ್ನು ಇದ್ದ ಹಾಗೇ ಆಡಿ ತೋರಿಸುವುದರಲ್ಲಿ ಇರುವ ಸುಖ ಬಿಸಿ ಮುದ್ದೆ ಉಪ್ಸಾರಿನಲ್ಲೂ ಇಲ್ಲ. ಹಲಗೂರು ಬಸ್ಸಿನ ಕಂಡಕ್ಟರು ಸೀಟಿ ಊದುವ ಠೀವಿಯಿಂದ ಹಿಡಿದು, ನಮ್ಮ ಸೋದರಮಾವ ಫೋನಿನಲ್ಲಿ ‘ಹಲೋ’ ಎನ್ನುವ ಮೊದಲು ಕೆಮ್ಮುವ ಕೆಮ್ಮಿನ ತನಕ ಎಲ್ಲವೂ ನನಗೆ ಬಾಯಿಪಾಠ. ಇಂಥವನಿಗೆ ಸಿಕ್ಕ ಕೆಲಸವೂ ಅದೇ: ಮಂಡ್ಯದ ಒಂದು ಪ್ರಯೋಗಾಲಯದಲ್ಲಿ ಅಣಕಿಸುವ ಕನ್ನಡಿಯನ್ನು ಕಾಯುವುದು.

ಇಲಿಯ ಮಿದುಳಿನ ದಪ್ಪ ತುಣುಕಿನ ಆಳದಲ್ಲಿ, ಬಣ್ಣ ಹಾಕಿಸಿಕೊಂಡು ಹೊಳೆಯುವ ಒಂದು ನರಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆದರೆ ನಡುವಿನ ಮಾಂಸ ಬೆಳಕನ್ನು ಅಡ್ಡಾದಿಡ್ಡಿ ತಿರುಚಿ ಕೋಶವನ್ನು ಕಲಸಿದ ಹಿಟ್ಟು ಮಾಡಿಬಿಡುತ್ತದೆ. ಅದಕ್ಕೇ ಈ ಬಗ್ಗುವ ಕನ್ನಡಿ. ನನ್ನ ಬೈಕಿನ ಹ್ಯಾಂಡಲ್ ಎಡಕ್ಕೆ ಎಳೆಯುತ್ತದೆ. ನಾನು ಬಲಕ್ಕೆ ಜಗ್ಗಿ ಹಿಡಿದರೆ ಮಳವಳ್ಳಿ ನೇರವಾಗಿ ಬರುತ್ತದೆ. ಕನ್ನಡಿಯದೂ ಇದೇ ವಿದ್ಯೆ: ಮಾಂಸ ಬೆಳಕನ್ನು ಎತ್ತ ತಿರುಚಿತೋ ಅದಕ್ಕೆ ಎದುರಾಗಿ ತಾನು ಬಗ್ಗಿ ಚಿತ್ರವನ್ನು ನೇರ ಮಾಡುವುದು. ಎಷ್ಟು ಜಗ್ಗಬೇಕೆಂದು ಮಾತ್ರ ಅದಕ್ಕೆ ಗೊತ್ತಿಲ್ಲ. ಹೀಗೊಮ್ಮೆ ಹಾಗೊಮ್ಮೆ ಬಗ್ಗಿ, ಚಿತ್ರ ಬೆಳಗಿದರೆ ಅದೇ ಸರಿ ಎಂದುಕೊಳ್ಳುತ್ತದೆ. ಹೊಳೆದದ್ದೇ ಸರಿ ಎಂಬ ಈ ಘನವಾದ ಬುದ್ಧಿಯನ್ನು ಅದಕ್ಕೆ ಕಲಿಸಿದವನು ನಾನು.

ಸೋಮವಾರ ಸಮಿತಿ ಬರುವುದಿತ್ತು. ಆಳದ ಕೋಶ ಕಂಡರೆ ನನ್ನ ಫೆಲೋಶಿಪ್ ಉಳಿಯುತ್ತದೆ, ಇಲ್ಲದಿದ್ದರೆ ಮನೆಯಲ್ಲಿ ಕೂತು ಮಾವನ ಕೆಮ್ಮು ಕೇಳಬೇಕು. ಶುಕ್ರವಾರ ಪರದೆಯ ಮೇಲೆ ದೀಪಾವಳಿಯೇ ಆಯಿತು. ನಮ್ಮ ಗೈಡ್ ಓಡಿ ಬಂದರು. ಜ್ಞಾನ ಬಾಯಿಂದ ಬಂದರೆ ಅಗ್ಗವಾಗುತ್ತದೆಂದು ಅವರು ಎಲ್ಲವನ್ನೂ ಮೂಗಿನಿಂದಲೇ ಹೇಳುತ್ತಾರೆ. “ಒಟ್ಟಾರೆಯಾಗಿ ನೋಡುವುದಾದರೆ, ಅದ್ಭುತ,” ಎಂದಿತು ಅವರ ಮೂಗು. ಅವರು ಅತ್ತ ಹೋದದ್ದೇ ನಾನು ಅದನ್ನೇ ಅದೇ ಮೂಗಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಗದವಳು ಒಬ್ಬಳೇ, ನನ್ನ ಜೊತೆ ಸಂಶೋಧನೆ ಮಾಡುವ ಮದ್ದೂರಿನ ನಗೀನಾ.

“ಆಳಕ್ಕೆ ಓಗು ಅಂದ್ರೆ ನಿನ್ ಕನ್ನಡಿ ಮೇಲಕ್ಕೆ ಬಂದು ಕುಂತದೆ ಕಣ್ಲಾ,” ಎಂದಳು.

ನಿಜವೇ. ಮೇಲಿನ ಪದರದಲ್ಲಿ ಬಣ್ಣ ಜಾಸ್ತಿ, ಹೊಳಪೂ ಜಾಸ್ತಿ. ಹೊಳಪಿನ ಆಸೆಗೆ ಕನ್ನಡಿ ತನ್ನ ದೃಷ್ಟಿಯನ್ನೇ ಮೇಲೆ ಸರಿಸಿಕೊಂಡು ಸುಲಭದ ಕೋಶಗಳನ್ನು ತೋರಿಸುತ್ತಿತ್ತು. ಗೈಡ್‌ಗೆ ಹೇಳಿದರೆ, ಸಮಿತಿಯವರು ಅಷ್ಟು ಆಳಕ್ಕೆ ಇಳಿಯುವ ಪೈಕಿಯಲ್ಲ ಎಂದು ಸಮಾಧಾನ ಮಾಡಿದರು. ನನಗೂ ಸಮಾಧಾನವಾಗಿಯೇಬಿಟ್ಟಿತ್ತು, ನಗೀನಾ ಬಿಡಲಿಲ್ಲ.

“ತೋರ್ಸು, ಬುಡು. ಸಿಕ್ಕಾಕೊಂಡ ಮ್ಯಾಕೆ ನೀನು ತೊದಲೋದನ್ನ ನಾನು ಆಡ್ ತೋರುಸ್ತೀನಿ.”

ಸತ್ಯಕ್ಕೆ ಹೆದರದವನು ಇದಕ್ಕೆ ಹೆದರಿದೆ. ಎರಡು ದಿನ ಕೂತು, ಕನ್ನಡಿ ಮೇಲೆ ಕೆಳಗೆ ಸರಿಯದಂತೆ ಕಟ್ಟು ಹಾಕಿ, ಆಳದಲ್ಲೇ ಬಗ್ಗಲು ಬಿಟ್ಟೆ. ಮಂಕಾದ ಒಂದೇ ಕೋಶ ಕಂಡಿತು; ಆದರೆ ಅದರ ಕೊಂಬೆರೆಂಬೆ ಎಣಿಸುವಷ್ಟು ಸ್ಪಷ್ಟ.

ಸೋಮವಾರ ಗೈಡ್ ಮುಖ ಆ ಕೋಶಕ್ಕಿಂತ ಮಂಕು. ಸಮಿತಿಯ ಹಿರಿಯರು ಇಷ್ಟು ಮಬ್ಬೇಕೆ ಎಂದು ಕೇಳಿದರು. ಗಾಬರಿಗೆ ನನ್ನ ಬಾಯಿ ತೆರೆಯಲಿಲ್ಲ, ಮೂಗು ತೆರೆಯಿತು. “ಒಟ್ಟಾರೆಯಾಗಿ ನೋಡುವುದಾದರೆ,” ಎಂದು ಶುರುವಾದದ್ದು ಮುಗಿಯುವ ತನಕ ಗೈಡ್ ಧಾಟಿಯಲ್ಲೇ ಹರಿಯಿತು. ನಗೀನಾ ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದಳು. ಹಿರಿಯರು ಮಾತ್ರ ತಲೆದೂಗಿ, ಶಿಷ್ಯ ಥೇಟ್ ಗುರುವಿನಂತೆಯೇ ತಯಾರಾಗಿದ್ದಾನೆ ಎಂದರು. ಗೈಡ್ ಕಣ್ಣು ಒರೆಸಿಕೊಂಡರು. ಫೆಲೋಶಿಪ್ ಉಳಿಯಿತು, ಕೋಶದಿಂದಲೋ ಮೂಗಿನಿಂದಲೋ ಕೇಳುವ ಧೈರ್ಯವಾಗಲಿಲ್ಲ.

ಸಂಜೆ ಹಲಗೂರಿಗೆ ಬಂದು ಅವ್ವನಿಗೆ ಸುದ್ದಿ ಹೇಳಿದೆ. ಅವಳು ಒಲೆ ಬಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

“ಯಾಕ್ಲಾ ಮೂಗಲ್ಲಿ ಮಾತಾಡ್ತೀಯೆ, ಸೀತ ಆಗದಾ?”

ಇಲ್ಲ ಕಣವ್ವ ಎಂದೆ. ಅದೂ ಮೂಗಿನಲ್ಲೇ ಬಂತು.