ಪಶ್ಚಿಮದಲ್ಲಿ ವಾಸಿಸುವ ಸಮುದ್ರರಾಜರಿಗೆ ಪೂರ್ವದ ಬಾಗಿಲಿನವನ ಅಹವಾಲು

ಮಧುಗಿರಿ,
ಫೆಬ್ರವರಿ 1937

ಮಾನ್ಯರೇ,

ಪಶ್ಚಿಮ ಸಮುದ್ರರಾಜರ ಸನ್ನಿಧಾನಕ್ಕೆ ಮಧುಗಿರಿಯ ನಿವೃತ್ತ ಹೆಡ್ ಮಾಸ್ಟರ್ ಶಂಕರಲಿಂಗಪ್ಪ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ. ತಾವು ಸದಾ ತುಂಬಿ ತುಳುಕುವವರಾದ್ದರಿಂದ ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣಲಿಲ್ಲ. ಮೂವತ್ತು ವರ್ಷ ಶಾಲೆಯ ಗೋಡೆಯ ನಕ್ಷೆಯಲ್ಲಿ ತಮ್ಮನ್ನು ಬೆತ್ತದ ತುದಿಯಿಂದ ಮುಟ್ಟಿ ತೋರಿಸಿದವನು ನಾನೆಂಬ ಸಲಿಗೆಯಿಂದ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮನೆಯವಳು ಸಿದ್ದಗಂಗಮ್ಮ ಬರಗೂರಿನವಳು. ಆಚೆ ದಡ ಕಾಣದ ನೀರನ್ನು ಒಮ್ಮೆ ನೋಡಬೇಕೆಂಬುದು ಮದುವೆಯಾದಂದಿನಿಂದ ಅವಳು ನನ್ನಲ್ಲಿಟ್ಟ ಒಂದೇ ಬೇಡಿಕೆ. ಅದನ್ನು ನಡೆಸಿಕೊಡಲು ನಾನು ಹಳೆಯ ಬಸ್ಸೊಂದನ್ನು ಕೊಂಡು, ಬಡಗಿಯನ್ನು ಕೂರಿಸಿ, ಒಳಗೆ ಮಂಚ, ಒಲೆಕಟ್ಟೆ, ಪಾತ್ರೆಯ ಬೀರು ಎಲ್ಲ ಮಾಡಿಸಿದೆ. ಬಾಗಿಲು, ಕಿಟಕಿ ಎಲ್ಲ ಎಡಗಡೆಗೆ; ಬಲಗಡೆಯ ಗೋಡೆಗೆ ಒಲೆ ಮತ್ತು ರಾಗಿ ಮೂಟೆ. ಒಲೆ ಇದ್ದ ಮೇಲೆ ಅದು ಮನೆಯೇ ಎಂದು ಊರಿನ ಅಯ್ನೋರು ನಾಗಲಿಂಗಯ್ಯನವರನ್ನು ಕರೆಸಿ, ಹಾಲುಕ್ಕಿಸಿ, ಗೃಹಪ್ರವೇಶವನ್ನೂ ಮುಗಿಸಿದೆ. ಹೊರಡುವಾಗ ಅವರು, ನನ್ನ ರಾಶಿಗೆ ಪೂರ್ವದ ಬಾಗಿಲೇ ಆಗಬೇಕು, ಬೇರೆ ದಿಕ್ಕಿಗೆ ಬಾಗಿಲು ತೆರೆದರೆ ಯಜಮಾನನಿಗೆ ಆಗಿಬರುವುದಿಲ್ಲ ಎಂದರು. ಅವರು ಹೇಳಿದ್ದು ನಿಂತ ಮನೆಗೋ ಓಡುವ ಮನೆಗೋ ಎಂದು ಕೇಳುವುದು ನನಗೆ ಹೊಳೆಯಲಿಲ್ಲ.

ಗಾಡಿ ಪಶ್ಚಿಮಕ್ಕೆ ಹೊರಟರೆ ಎಡಗಡೆಯ ಬಾಗಿಲು ದಕ್ಷಿಣಕ್ಕೆ ಬೀಳುತ್ತದಲ್ಲ; ಹೀಗಾಗಿ ಸಿರಾ ದಾಟುವಷ್ಟರಲ್ಲೇ ಬಾಗಿಲಿಗೂ ಕಿಟಕಿಗಳಿಗೂ ಗೋಣಿತಾಟು ಬಿಗಿದು, ಆರು ದಿನ ಕತ್ತಲಲ್ಲಿ ಪ್ರಯಾಣ ಮಾಡಿ ಹೊನ್ನಾವರ ಮುಟ್ಟಿದೆವು. ಅಲ್ಲಿಂದ ಉತ್ತರಕ್ಕೆ ಹೊರಟಾಗ ತಾವು ನಮ್ಮ ಎಡಗಡೆಗೇ, ಬಾಗಿಲಿನ ಎದುರಿಗೇ ಬಂದಿರಿ. ಆದರೆ ಅದು ಪಶ್ಚಿಮ. ಮುಂದೆ ಕೂತ ಡ್ರೈವರ್ ಪಾಲಪ್ಪನೊಬ್ಬನಿಗೆ ತಮ್ಮ ದರ್ಶನ ಧಾರಾಳವಾಗಿ ಆಗುತ್ತಿತ್ತು. ಅವನು ಕೂತಲ್ಲೇ ಆಹಾ ಎಂದಾಗಲೆಲ್ಲ ಸಿದ್ದಗಂಗಮ್ಮ ಗೋಣಿಯ ಕಡೆ ನೋಡುತ್ತಿದ್ದಳು. ನಾನು ನಕ್ಷೆಯನ್ನು ಬಿಡಿಸಿ, ತಾವು ಈಗ ಎಲ್ಲಿದ್ದೀರಿ ಎಂದು ಅವಳಿಗೆ ಬೆರಳಿಟ್ಟು ತೋರಿಸುತ್ತಿದ್ದೆ.

ಮಧ್ಯಾಹ್ನದ ಅಡುಗೆಗೆಂದು ಗಾಡಿ ನಿಲ್ಲಿಸಿದಾಗ ಪಾಲಪ್ಪ ಮರಳಿನಲ್ಲಿ ಹೆಣಗಾಡಿ ಅದನ್ನು ಹಿಂದುಮುಂದಾಗಿ ತಿರುಗಿಸಿದ. ಗೋಣಿ ಬಿಚ್ಚಿ ಶಾಸ್ತ್ರೋಕ್ತವಾಗಿ ಬಾಗಿಲು ತೆರೆದರೆ ಎದುರಿಗೆ ಒಂದು ಗುಡ್ಡ. ಗುಡ್ಡಕ್ಕೆ ನಮ್ಮ ಮಧುಗಿರಿಯಲ್ಲಿ ಬರವಿಲ್ಲವೆಂದು ತಮಗೂ ತಿಳಿದಿರಬಹುದು. ತಾವಾದರೋ ರಾಗಿ ಮೂಟೆಯ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಏನೂ ಆಗದವರಂತೆ ಗರ್ಜಿಸುತ್ತಿದ್ದಿರಿ. ಒಲೆ ಉರಿಯುವಾಗ ಮನೆಯಾಕೆ ಹೊಸ್ತಿಲು ದಾಟಬಾರದು, ಊಟವಾದ ಮೇಲೆ ನೋಡೋಣ ಎಂದು ನಾನು ಅವಳಿಗೆ ಸಮಾಧಾನ ಹೇಳಿದೆ.

ಆಗ ಅವಳು ಹಿಟ್ಟಿನ ಕೋಲನ್ನು ನನ್ನ ಕೈಗಿತ್ತು, "ಗಂಟಾಗ್ದಂಗೆ ತಿರುವ್ತಾ ಇರಿ. ಮನೇಲಿ ಯಾರಾನ ಒಬ್ರು ಇರ್ಬೇಕಲ್ವಾ, ನೀವಿರಿ. ನಾನು ಇಂಗೆ ಓಗಿ ಅಂಗೆ ಬಂದ್ಬುಡ್ತೀನಿ" ಎಂದು ಇಳಿದು, ಗಾಡಿಯನ್ನು ಬಳಸಿ ತಮ್ಮ ಕಡೆಗೆ ಹೋದಳು. ಪಾಲಪ್ಪನೂ ಹಿಂದೆಯೇ ಹೋದ. ನಾನು ತಿರುವಿದೆ. ಹಿಟ್ಟು ಗಂಟಾಯಿತು, ಸೀದಿತು, ಕೋಲು ಬಿಸಿಯಾಯಿತು. ಹಚ್ಚಿದ ಒಲೆಯನ್ನೂ ತೆರೆದ ಬಾಗಿಲನ್ನೂ ಬಿಟ್ಟು ಹೋಗಲು ಯಜಮಾನನಾದ ನನಗೆ ಧೈರ್ಯ ಬರಲಿಲ್ಲ. ಗರ್ಜನೆಯ ನಡುವೆ ಅವಳ ನಗು ಕೇಳಿಸಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ, ಹೊಟ್ಟೆ ಉರಿಯಿತು.

ಮೊಣಕಾಲುದ್ದ ನೆನೆದು ಬಂದವಳು ಸೀದ ಮುದ್ದೆಯನ್ನು ಉಂಡಳು. ಸಮುದ್ರ ಹೇಗಿತ್ತೇ ಎಂದು ಕೇಳಿದ್ದಕ್ಕೆ, "ನೀವೂ ಬಂದಿದ್ರಲ್ಲ, ನೋಡ್ಲಿಲ್ವಾ?" ಎಂದಳು. ಆ ಮಾತು ತಾಗಿ, ನಾನು ಅಲ್ಲಿಂದಲೇ ಗಾಡಿಯನ್ನು ಊರಿಗೆ ಹೊರಡಿಸಿದೆ.

ಆದಕಾರಣ ಮಹಾಸನ್ನಿಧಾನದವರು ದಯವಿಟ್ಟು ರಸ್ತೆಯ ಪೂರ್ವಕ್ಕೆ ವಾಸ ಬದಲಾಯಿಸಬೇಕಾಗಿಯೂ, ಗುಡ್ಡವನ್ನು ತಾವು ಈಗಿರುವ ಜಾಗಕ್ಕೆ ಕಳಿಸಬೇಕಾಗಿಯೂ, ಇಷ್ಟು ಕಾಲ ಶಾಸ್ತ್ರವಿರುದ್ಧವಾದ ದಿಕ್ಕಿನಲ್ಲಿದ್ದುಕೊಂಡೇ ಇಷ್ಟು ಏಳಿಗೆ ಹೊಂದಿದ್ದು ಹೇಗೆಂಬ ಬಗ್ಗೆ ನಾಗಲಿಂಗಯ್ಯನವರಿಗೆ ಲಿಖಿತ ವಿವರಣೆ ಕೊಡಬೇಕಾಗಿಯೂ ಪ್ರಾರ್ಥನೆ.

ತಮಗೆ ಬೆನ್ನು ಕೊಟ್ಟು ಕುಳಿತಿದ್ದ ವಿಶ್ವಾಸಿ,
ಶಂಕರಲಿಂಗಪ್ಪ

ವಿ.ಸೂ.: ಸಮುದ್ರ ಹೇಗಿತ್ತೆಂದು ಊರವರೆಲ್ಲ ಹೆಡ್ ಮಾಸ್ಟರಾದ ನನ್ನನ್ನೇ ಕೇಳುತ್ತಾರೆ. ಬಹಳ ಉಪ್ಪು ಎನ್ನುತ್ತೇನೆ. ಸುಳ್ಳಲ್ಲ, ಅಂದು ಅವಳು ತನ್ನ ಒದ್ದೆ ಸೀರೆಯನ್ನು ನನ್ನ ಪೂರ್ವದ ಬಾಗಿಲಿಗೇ ಒಣಹಾಕಿದ್ದಳು, ಅದರ ಎರಡು ಹನಿ ನನ್ನ ತಟ್ಟೆಗೆ ಬಿದ್ದಿತ್ತು.